ಗೂಗಲ್‌ನಲ್ಲಿ ಮೊದಲು ಕಾಣುವ ಬೆಲೆಯೇ ಕಡಿಮೆ ಬೆಲೆನಾ?

ನೀವು ಕೇಳಿದ್ದು ಇಷ್ಟು: ಅಮ್ಮನಿಗೆ ಮಿಕ್ಸಿ ತಗೊಳ್ಳಬೇಕು, ಮೈಸೂರಿನಲ್ಲಿದ್ದೀರಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಫೋಟೋ, ಬೆಲೆ, ಅಂಗಡಿ ಹೆಸರು ಸಾಲಾಗಿ ಬರುತ್ತವೆ. ಮೊದಲನೆಯದಕ್ಕೂ ನಿಮ್ಮ ಬೀದಿಯ ಅಂಗಡಿಗೂ 600 ರೂಪಾಯಿ ವ್ಯತ್ಯಾಸ. ಗೂಗಲ್ ಎಲ್ಲ ಕಡೆ ಹೋಲಿಸಿ ನೋಡಿ ಕಡಿಮೆ ಇದ್ದದ್ದನ್ನು ಮೇಲೆ ಇಟ್ಟಿದೆಯಾ, ನಂಬಿ ತಗೊಳ್ಳಬಹುದಾ ಅಂತ.

ಇಲ್ಲ, ಕಡಿಮೆ ಬೆಲೆ ಅನ್ನುವ ಕಾರಣಕ್ಕೆ ಅದು ಮೇಲೆ ಬಂದಿಲ್ಲ. ನಂಬಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸಾಲು ಹೇಗೆ ತಯಾರಾಗುತ್ತದೆ ಅಂತ ಗೊತ್ತಿದ್ದರೆ ನಿಮಗೆ ಅದು ಉಪಯೋಗಕ್ಕೆ ಬರುತ್ತದೆ.

ನಮ್ಮದು ಮಂಡ್ಯದ ಪೇಟೆ ಬೀದಿ ಹತ್ತಿರ ಪಾತ್ರೆ, ಕುಕ್ಕರ್, ಮಿಕ್ಸಿ ಅಂಗಡಿ. ಅಪ್ಪ ಶುರು ಮಾಡಿದ್ದು. ಅಕ್ಕನ ಮಗ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟ ಮೇಲೆ ನಮ್ಮ ಸಾಮಾನುಗಳನ್ನು ಗೂಗಲ್ ಮರ್ಚೆಂಟ್ ಸೆಂಟರ್‌ಗೆ, ಅಂದರೆ ಅಂಗಡಿಯವರು ತಮ್ಮ ಸಾಮಾನಿನ ಪಟ್ಟಿಯನ್ನು ಗೂಗಲ್‌ಗೆ ಕೊಡುವ ಜಾಗಕ್ಕೆ, ನಾನೇ ಕೂತು ಸೇರಿಸಿದೆ. ಹಾಗಾಗಿ ಕೊಳ್ಳುವವನಾಗಿ ಮಾತ್ರ ಅಲ್ಲ, ಆ ಸಾಲಿನ ಒಳಗಿರುವ ಅಂಗಡಿಯವನಾಗಿಯೂ ಹೇಳುತ್ತಿದ್ದೇನೆ.

ಗೂಗಲ್ ತಾನಾಗಿ ಊರೂರು ಸುತ್ತಿ ಬೆಲೆ ಕೇಳಿಕೊಂಡು ಬರುವುದಿಲ್ಲ. ಹೆಚ್ಚಾಗಿ ನಮ್ಮಂಥ ಅಂಗಡಿಯವರೇ ಒಂದು ಪಟ್ಟಿ ಕಳಿಸುತ್ತೇವೆ. ವಸ್ತುವಿನ ಹೆಸರು, ಫೋಟೋ, ಬೆಲೆ, ಸ್ಟಾಕ್ ಇದೆಯೋ ಇಲ್ಲವೋ, ಡಬ್ಬದ ಮೇಲಿನ ಬಾರ್‌ಕೋಡ್ ನಂಬರ್. ನಮ್ಮ ಸೈಟಿನಲ್ಲಿರುವ ಬೆಲೆಯೂ ಪಟ್ಟಿಯಲ್ಲಿರುವ ಬೆಲೆಯೂ ಒಂದೇ ಇರಬೇಕು. ಒಂದು ಸಲ ನಾನು ಸೈಟಿನಲ್ಲಿ ಮೂರು ಕುಕ್ಕರ್‌ಗಳ ಬೆಲೆ ಬದಲಿಸಿ ಪಟ್ಟಿಯಲ್ಲಿ ಬದಲಿಸುವುದನ್ನು ಮರೆತೆ. ಆ ಮೂರನ್ನೂ ತೋರಿಸುವುದು ನಿಂತುಹೋಯಿತು. ಅದು ಒಳ್ಳೆಯ ನಿಯಮವೇ. ಆದರೆ ಅವರು ತಾಳೆ ನೋಡುವುದು ನಮ್ಮ ಪಟ್ಟಿಗೂ ನಮ್ಮ ಸೈಟಿಗೂ. ಪಕ್ಕದ ಅಂಗಡಿಯಲ್ಲಿ ಅದೇ ಕುಕ್ಕರ್ ಇನ್ನೂ ಕಮ್ಮಿಗೆ ಇದೆಯಾ ಅಂತ ಅಲ್ಲ. ಪಟ್ಟಿ ಕಳಿಸದ ಅಂಗಡಿಯ ಬೆಲೆ ಆ ಸಾಲಿನಲ್ಲಿ ಕಾಣುವುದೇ ಅಪರೂಪ. ನಿಮ್ಮ ಮೈಸೂರಿನ ಶಿವರಾಂಪೇಟೆಯಲ್ಲಿ, ಸಂತೆಪೇಟೆಯಲ್ಲಿ ಎಷ್ಟೋ ಅಂಗಡಿಗಳಿಗೆ ಇವತ್ತಿಗೂ ವೆಬ್‌ಸೈಟೇ ಇಲ್ಲ, ಅಲ್ವಾ? ಅವರ ಬೆಲೆ ಗೂಗಲ್‌ಗೆ ಹೇಗೆ ಗೊತ್ತಾಗಬೇಕು?

ಇನ್ನು ಸಾಲಿನಲ್ಲಿ ಮುಂದೆ ಯಾರು, ಹಿಂದೆ ಯಾರು ಅನ್ನುವುದು. ಫೋಟೋಗಳ ಮೇಲ್ಗಡೆ ಸಣ್ಣಗೆ 'ಪ್ರಾಯೋಜಿತ' ಅಥವಾ 'ಸ್ಪಾನ್ಸರ್ಡ್' ಅಂತ ಇದ್ದರೆ ಅದು ಜಾಹೀರಾತು. ನೀವು ಒತ್ತಿದ ಪ್ರತಿ ಸಲವೂ ಅಂಗಡಿಯವನು ಗೂಗಲ್‌ಗೆ ದುಡ್ಡು ಕೊಡುತ್ತಾನೆ. ನೀವು ಕೊಂಡರೂ ಅಷ್ಟೇ, ಸುಮ್ನೆ ನೋಡಿ ವಾಪಸ್ ಹೋದರೂ ಅಷ್ಟೇ. ಒಂದು ಒತ್ತಿಗೆ ಎಷ್ಟು ಕೊಡುತ್ತೇವೆ ಅಂತ ನಾವೆಲ್ಲ ಹರಾಜು ಕೂಗಿದ ಹಾಗೆ ಕೂಗಿರುತ್ತೇವೆ. ಕೂಗಿದ ಮೊತ್ತ, ನೀವು ಟೈಪ್ ಮಾಡಿದ ಮಾತಿಗೂ ನಮ್ಮ ವಸ್ತುವಿಗೂ ಇರುವ ಹೊಂದಿಕೆ, ಮುಖ್ಯವಾಗಿ ಇವೆರಡೂ ಸೇರಿ ಜಾಗ ಸಿಗುತ್ತದೆ. ಬೆಲೆ ಕಮ್ಮಿ ಇದ್ದರೆ ಜನ ಒತ್ತುವುದು ಜಾಸ್ತಿ, ಅದರಿಂದ ಸ್ವಲ್ಪ ಅನುಕೂಲ ಆಗಬಹುದು. ಆದರೆ ಕಮ್ಮಿ ಬೆಲೆಯವನಿಗೇ ಮೊದಲ ಜಾಗ ಅನ್ನುವ ನಿಯಮ ಇಲ್ಲ.

ನಾನೂ ಒಂದು ತಿಂಗಳು ದುಡ್ಡು ಹಾಕಿ ನೋಡಿದ್ದೇನೆ, ಮಂಡ್ಯ, ಮದ್ದೂರು, ಪಾಂಡವಪುರ ಸುತ್ತಮುತ್ತ ಮಾತ್ರ ಕಾಣುವ ಹಾಗೆ. ಒಂದು ಕುಕ್ಕರ್‌ನಲ್ಲಿ ನನಗೆ ಸಿಗುವ ಲಾಭದಲ್ಲಿ ಇಂಥ ಒತ್ತುಗಳ ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ನಿಲ್ಲಿಸಿಬಿಟ್ಟೆ. ಈಗ ಉಚಿತ ಪಟ್ಟಿಯಲ್ಲಿ ಮಾತ್ರ ಇದ್ದೇನೆ. 'ಶಾಪಿಂಗ್' ಅನ್ನುವ ವಿಭಾಗಕ್ಕೆ ಹೋಗಿ ಕೆಳಕ್ಕೆ ಸರಿಸುತ್ತಾ ಹೋದರೆ ನಮ್ಮಂಥವರು ಅಲ್ಲಿ ಸಿಗುತ್ತಾರೆ. ದೊಡ್ಡ ಮಾರಾಟಗಾರರು ಸಾವಿರಗಟ್ಟಲೆ ಮಾಲು ಎತ್ತುತ್ತಾರೆ, ಅವರಿಗೆ ಈ ಖರ್ಚು ತಡೆಯುತ್ತದೆ. ಆ ಖರ್ಚೂ ಕೊನೆಗೆ ಎಲ್ಲೋ ಒಂದು ಕಡೆ ವಸ್ತುವಿನ ಬೆಲೆಯಲ್ಲೇ ಸೇರಬೇಕಲ್ಲ.

ಇದೆಲ್ಲ ಮೊದಲಿನಿಂದ ಹೀಗೇ ಇರಲಿಲ್ಲ. ಗೂಗಲ್ 2002ರ ಡಿಸೆಂಬರ್‌ನಲ್ಲಿ ಫ್ರೂಗಲ್ ಅಂತ ಒಂದು ಸೇವೆ ಶುರು ಮಾಡಿತ್ತು. ಇಂಗ್ಲಿಷಿನಲ್ಲಿ ಮಿತವ್ಯಯಿ ಅನ್ನುವ ಪದಕ್ಕೂ ಗೂಗಲ್ ಅನ್ನುವ ಹೆಸರಿಗೂ ಗಂಟು ಹಾಕಿದ ಹೆಸರು. ವೆಬ್‌ಸೈಟ್‌ಗಳಲ್ಲಿ ಮಾರುವ ವಸ್ತುಗಳನ್ನು ಹುಡುಕಿ ತೋರಿಸುತ್ತಿತ್ತು. ಅಂಗಡಿಯವರು ದುಡ್ಡು ಕೊಡಬೇಕಾಗಿರಲಿಲ್ಲ. 2007ರಲ್ಲಿ ಅದರ ಹೆಸರು ಪ್ರಾಡಕ್ಟ್ ಸರ್ಚ್ ಅಂತ ಆಯಿತು. 2012ರಲ್ಲಿ ಗೂಗಲ್ ಶಾಪಿಂಗ್ ಅಂತ ಮಾಡಿದರು. ಆಗ ಅಮೆರಿಕದಲ್ಲಿ ದುಡ್ಡು ಕೊಟ್ಟವರ ವಸ್ತು ಮಾತ್ರ ಕಾಣುವ ಪದ್ಧತಿ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಿನಲ್ಲಿ, ಉಚಿತ ಪಟ್ಟಿಯನ್ನು ಮತ್ತೆ ತಂದರು. ನಮ್ಮ ದೇಶಕ್ಕೆ ಈ ಶಾಪಿಂಗ್ ಹುಡುಕಾಟ ಬಂದದ್ದು 2018ರ ಡಿಸೆಂಬರ್‌ನಲ್ಲಿ.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿದಿತ್ತು. 2008ರಲ್ಲಿ ತನ್ನ ಹುಡುಕಾಟದ ಮೂಲಕ ಹೋಗಿ ವಸ್ತು ಕೊಂಡವರಿಗೆ ಸ್ವಲ್ಪ ದುಡ್ಡು ವಾಪಸ್ ಕೊಡುತ್ತಿತ್ತು. ಎರಡು ವರ್ಷಕ್ಕೆ, 2010ರಲ್ಲಿ, ಅದನ್ನು ಮುಚ್ಚಿದರು. ಈಗ ಚಾಟ್‌ಜಿಪಿಟಿ ಕೂಡ 2025ರಿಂದ ಫೋಟೋ, ಬೆಲೆ ಸಮೇತ ವಸ್ತುಗಳನ್ನು ತೋರಿಸುತ್ತಿದೆ.

ಇವರೆಲ್ಲ ಯಾಕೆ ಈ ಕೆಲಸಕ್ಕೆ ಇಳಿದರು ಅಂದರೆ, ನನಗೆ ಅನ್ನಿಸುವುದು ಇಷ್ಟು. ಮಿಕ್ಸಿ ಹುಡುಕುವ ಮನುಷ್ಯನ ಜೇಬಿನಲ್ಲಿ ಆಗಲೇ ದುಡ್ಡು ಇರುತ್ತದೆ. ಅವನು ನೇರವಾಗಿ ಅಮೆಜಾನ್ ಆ್ಯಪ್ ತೆರೆದು ಅಲ್ಲೇ ಹುಡುಕಿಬಿಟ್ಟರೆ ಹುಡುಕಾಟದ ಕಂಪನಿಗೆ ಏನೂ ಸಿಗುವುದಿಲ್ಲ. ಅವನನ್ನು ತಮ್ಮ ಬಾಗಿಲಿಗೆ ಕರೆದುಕೊಳ್ಳಲೇಬೇಕು.

ಇದರಲ್ಲಿ ಪೆಟ್ಟು ತಿಂದವರು ಬೆಲೆ ಹೋಲಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಸಣ್ಣ ಸೈಟುಗಳು. ಬ್ರಿಟನ್ನಿನಲ್ಲಿ ಫೌಂಡೆಮ್ ಅಂತ ಒಂದಿತ್ತು, ಗಂಡ ಹೆಂಡತಿ ಸೇರಿ ಕಟ್ಟಿದ್ದು. 2006ರಲ್ಲಿ ಗೂಗಲ್ ಹುಡುಕಾಟದಲ್ಲಿ ಅದು ಕೆಳಕ್ಕೆ ಕುಸಿಯಿತು. ಅವರು 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ, ಅಂದರೆ ಯುರೋಪ್ ಒಕ್ಕೂಟದ ಆಡಳಿತ ಮಂಡಳಿಗೆ, ದೂರು ಕೊಟ್ಟರು. ಕಮಿಷನ್ 2017ರ ಜೂನ್‌ನಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ಹಾಕಿತು. ತನ್ನ ಹೋಲಿಕೆ ಸೇವೆಯನ್ನು ಮೇಲೆ ಇಟ್ಟು, ಬೇರೆಯವರದನ್ನು ಕೆಳಕ್ಕೆ ತಳ್ಳಿತು ಅನ್ನುವುದು ಅದರ ತೀರ್ಮಾನ. ಬೇರೆಯವರ ಪೈಕಿ ಚೆನ್ನಾಗಿ ಕಾಣಿಸಿಕೊಳ್ಳುತ್ತಿದ್ದ ಸೈಟ್ ಕೂಡ ಸರಾಸರಿ 4ನೇ ಪುಟದಲ್ಲಿ ಬರುತ್ತಿತ್ತಂತೆ. ನೀವು ಯಾವತ್ತಾದರೂ ಗೂಗಲ್‌ನ 4ನೇ ಪುಟಕ್ಕೆ ಹೋಗಿದ್ದೀರಾ? ನಾನಂತೂ ಹೋಗಿಲ್ಲ. ಗೂಗಲ್ ಮೇಲ್ಮನವಿ ಹಾಕಿತು. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಅತ್ಯುನ್ನತ ಕೋರ್ಟ್ ಆ ದಂಡವನ್ನೇ ಎತ್ತಿಹಿಡಿಯಿತು. ದೂರು ಕೊಟ್ಟು ಅಷ್ಟೊತ್ತಿಗೆ 15 ವರ್ಷ. ಸಣ್ಣ ವ್ಯಾಪಾರ ಮಾಡುವವನಾಗಿ ನನಗೆ ಆ 15 ವರ್ಷ ತುಂಬಾ ಸಂಕಟ ಕೊಡುತ್ತದೆ. ಅಷ್ಟು ದಿನ ಗಿರಾಕಿ ಬರದಿದ್ದರೆ ಯಾವ ಅಂಗಡಿ ಉಳಿಯುತ್ತದೆ ಹೇಳಿ. ನಮ್ಮಲ್ಲೂ 2018ರ ಫೆಬ್ರವರಿಯಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಅದು ವಿಮಾನ ಟಿಕೆಟ್ ಹುಡುಕುವವರಿಗೆ ತನ್ನದೇ ಪೆಟ್ಟಿಗೆಯನ್ನು ಎದ್ದು ಕಾಣುವ ಹಾಗೆ ತೋರಿಸಿದ ವಿಷಯ.

ಸರಿ, ಈಗ ನಿಮ್ಮ 600 ರೂಪಾಯಿಗೆ ಬರೋಣ.

ಹೋದ ತಿಂಗಳು ಬಸರಾಳು ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಫೋನು. "ಅಣ್ಣಾ, ನೀನು ಹೇಳೋ ಕುಕ್ಕರ್ರೇ ಇದು. ಇಲ್ಲಿ ನಾನೂರು ರೂಪಾಯಿ ಕಮ್ಮಿ ಐತಲ್ಲ, ಯಾಕೆ?" ಅಂದರು. ಇಬ್ಬರೂ ಕೂತು ನೋಡಿದೆವು. ಕಂಪನಿ ಒಂದೇ, 5 ಲೀಟರ್, ಫೋಟೋನೂ ಒಂದೇ ಥರ. ಮಾಡೆಲ್ ನಂಬರ್‌ನಲ್ಲಿ ಮಾತ್ರ ಒಂದಕ್ಷರ ವ್ಯತ್ಯಾಸ. ನಾನು ತೋರಿಸಿದ್ದು ಇಂಡಕ್ಷನ್ ತಳದ್ದು, ಅವರ ಫೋನಿನಲ್ಲಿ ಇದ್ದದ್ದು ಬರೀ ಗ್ಯಾಸ್ ಒಲೆಗೆ ಆಗುವಂಥದ್ದು. ಮನೆಯಲ್ಲಿ ಇಂಡಕ್ಷನ್ ಒಲೆ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. ಹಾಗಾದರೆ ನಿಮಗೆ ಆ ಕಮ್ಮಿಯದ್ದೇ ಸಾಕು, ನಾನು ತೋರಿಸಿದ್ದು ಬೇಡ ಅಂದೆ. ಆ ಮಾಡೆಲ್ ನನ್ನ ಹತ್ತಿರವೂ ಇತ್ತು. ಆನ್‌ಲೈನಿಗಿಂತ 60 ರೂಪಾಯಿ ಜಾಸ್ತಿ. ನೋಡಿ, ಮುಟ್ಟಿ, ಗ್ಯಾಸ್ಕೆಟ್ ಹಾಕಿಸಿ ತೋರಿಸಿಕೊಂಡು ತಗೊಂಡು ಹೋದರು.

ಮಿಕ್ಸಿಯಲ್ಲೂ ಇದೇ ಆಟ. 500 ವ್ಯಾಟ್, 750 ವ್ಯಾಟ್ ಎರಡರ ಫೋಟೋ ಒಂದೇ ಥರ ಕಾಣುತ್ತದೆ. ಜಾರ್ 3 ಇದ್ದದ್ದು, 4 ಇದ್ದದ್ದು ಒಂದೇ ಹೆಸರಿನಲ್ಲಿ ಬರುತ್ತವೆ. ವಾರಂಟಿ 5 ವರ್ಷ ಅಂತ ದಪ್ಪಗೆ ಬರೆದಿರುತ್ತದೆ, ಒಳಗೆ ನೋಡಿದರೆ ಅದು ಮೋಟಾರ್‌ಗೆ ಮಾತ್ರ. ಅದಕ್ಕೇ ಹೆಸರು ಹಾಕಿ ಹುಡುಕಬೇಡಿ. ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿ. ಆ ಸಾಲು ನಿಜವಾಗಿ ಉಪಯೋಗಕ್ಕೆ ಬರುವುದು ಆಗಲೇ. ಬೇರೆ ಬೇರೆ ಸೈಟುಗಳು ಒಂದೇ ವಸ್ತುವಿಗೆ ಎಷ್ಟು ಹೇಳುತ್ತಿವೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮಪ್ಪನ ಕಾಲದಲ್ಲಿ ಗಿರಾಕಿಗೆ ಈ ಅನುಕೂಲ ಇರಲಿಲ್ಲ. ಇದನ್ನು ನಾನು ಮನಸಾರೆ ಒಳ್ಳೆಯದು ಅಂತಲೇ ಹೇಳುತ್ತೇನೆ.

ನಂಬರ್ ಇಲ್ಲದ ವಸ್ತುವಿಗೆ ಮಾತ್ರ ಈ ಹೋಲಿಕೆಯನ್ನು ನಂಬಬೇಡಿ. 'ಮೈಸೂರು ಸಿಲ್ಕ್ ಸೀರೆ' ಅಂತ ಹುಡುಕಿ ನೋಡಿ. ಸಾವಿರ ರೂಪಾಯಿ ಒಳಗಿನ ಸೀರೆಯೂ, ಹತ್ತಾರು ಸಾವಿರದ ಸೀರೆಯೂ ಅಕ್ಕಪಕ್ಕ ನಿಂತಿರುತ್ತವೆ. ನಿಮ್ಮೂರಿನ ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ ನೇಯ್ದ ಅಪ್ಪಟ ರೇಷ್ಮೆ, ಚಿನ್ನದ ಜರಿಯ ಸೀರೆ ಸಾವಿರ ರೂಪಾಯಿಗೆ ಸಿಗುವುದುಂಟಾ? ಯಂತ್ರ ಹೋಲಿಸುತ್ತಿರುವುದು ಮಾರುವವನು ಬರೆದ ಹೆಸರನ್ನು. ಬೆಲ್ಲದ್ದೂ ಇದೇ ಕಥೆ. ನಮ್ಮ ಮಂಡ್ಯ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು ಬೆಲ್ಲ ಅಂತ ಬೇರೆ ಬೇರೆ ದರ ಇರುತ್ತದೆ. ಆನ್‌ಲೈನಿನಲ್ಲಿ ಎಲ್ಲವೂ 'ಮಂಡ್ಯ ಬೆಲ್ಲ'. ಒಂದು 900 ಗ್ರಾಂ, ಇನ್ನೊಂದು ಒಂದು ಕೆಜಿ. ಕೆಜಿ ಲೆಕ್ಕಕ್ಕೆ ತಂದು ನೋಡದಿದ್ದರೆ ಮೋಸ ಹೋಗುತ್ತೀರಿ.

ನಾನೇ ಮೋಸ ಹೋದ ಒಂದು ಸಂಗತಿ ಹೇಳುತ್ತೇನೆ. ಅಂಗಡಿಗೆ ಬಿಲ್ ಪ್ರಿಂಟರ್ ಬೇಕಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಕಮ್ಮಿ ತೋರಿಸಿದ, ಹೆಸರೇ ಕೇಳಿರದ ಒಂದು ಸೈಟಿಗೆ ಹೋದೆ. ದುಡ್ಡು ಕಟ್ಟುವ ಪುಟಕ್ಕೆ ಹೋಗುವ ತನಕ ಬೆಲೆ ಸರಿಯಾಗಿತ್ತು. ಅಲ್ಲಿ ಸಾಗಣೆ ಖರ್ಚು, ಪ್ಯಾಕಿಂಗ್ ಖರ್ಚು ಅಂತ ಸೇರಿಕೊಂಡಿತು. ಇಷ್ಟು ದೂರ ಬಂದಿದ್ದೇನಲ್ಲ ಅಂತ ಕಟ್ಟಿಬಿಟ್ಟೆ. ಫೋಟೋದಲ್ಲಿದ್ದದ್ದು 3 ಇಂಚಿನ ಪೇಪರ್ ಹಿಡಿಸುವ ಪ್ರಿಂಟರ್, ಬಂದದ್ದು 2 ಇಂಚಿನದು. ಜಿಎಸ್‌ಟಿ ಬಿಲ್ಲನ್ನೂ ಕೊಡಲಿಲ್ಲ, ಹಾಗಾಗಿ ಆ ತೆರಿಗೆಯ ಕ್ರೆಡಿಟ್ಟೂ ಹೋಯಿತು. ಹೀಗೆ ಕೊನೆಯಲ್ಲಿ ಖರ್ಚು ಸೇರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ತಂದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಇಂಥ 13 ಬಗೆಯ ಮೋಸಗಳ ಪಟ್ಟಿ ಅದರಲ್ಲಿದೆ. ನಿಮಗೆ ಹೀಗಾದರೆ ಪುಟದ ಫೋಟೋ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಫೋಟೋ ತೆಗೆದಿಟ್ಟಿರಲಿಲ್ಲ.

ಹಾಗಾಗಿ ಬೆಲೆ ಹೋಲಿಸುವಾಗ ದುಡ್ಡು ಕಟ್ಟುವ ಪುಟದ ತನಕ ಹೋಗಿ, ಅಲ್ಲಿ ಬರುವ ಒಟ್ಟು ಮೊತ್ತ ನೋಡಿ. ಮಾರುವವನ ಹೆಸರು, ವಿಳಾಸ, ದೂರು ಕೇಳುವವರ ವಿವರ ಸೈಟಿನಲ್ಲಿ ಇರಲೇಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅದು ಇಲ್ಲದ ಸೈಟಿಗೆ ಹೋಗಲೇಬೇಡಿ, ಎಷ್ಟೇ ಕಮ್ಮಿ ಇರಲಿ.

ಕೆಲವು ಸಲ ಆನ್‌ಲೈನಿನಲ್ಲಿ ನಿಜವಾಗಿಯೂ ಕಮ್ಮಿ ಇರುತ್ತದೆ. ಅದೇ ಮಾಡೆಲ್, ಅದೇ ವಾರಂಟಿ, ಬಿಲ್ ಸಮೇತ. ನಾನು ಕಂಪನಿಯ ಡೀಲರ್ ಹತ್ತಿರ ಕೊಳ್ಳುವ ಬೆಲೆಗೇ ಅವರು ಮಾರುತ್ತಿರುತ್ತಾರೆ. ಆಗ ಗಿರಾಕಿಗೆ ಅಲ್ಲೇ ತಗೊಳ್ಳಿ ಅಂತ ನಾನೇ ಹೇಳಿದ್ದೇನೆ. ಆದರೆ ಮೊದಲು ಒಂದು ಸಲ ಅಂಗಡಿಯವರನ್ನು ಕೇಳಿ. ಫೋನ್ ತೋರಿಸುವುದಕ್ಕೆ ಸಂಕೋಚ ಬೇಡ, ನಮಗೆ ಬೇಜಾರಾಗುವುದಿಲ್ಲ. ಸುಮ್ನೆ ನೋಡಿ ಹೊರಟುಹೋದರೆ ಬೇಜಾರಾಗುತ್ತದೆ. ಎಷ್ಟೋ ಸಲ 100, 200 ಬಿಡುವುದಕ್ಕೆ ನಮಗೆ ಸಾಧ್ಯ ಇರುತ್ತದೆ.

ನಿಮ್ಮ ಅಮ್ಮ ದೋಸೆಹಿಟ್ಟನ್ನೂ ಮಿಕ್ಸಿಯಲ್ಲೇ ರುಬ್ಬುತ್ತಾರೆ ಅಂದರೆ 750 ವ್ಯಾಟ್‌ಗಿಂತ ಕೆಳಗೆ ಹೋಗಬೇಡಿ, ಬರೀ ಚಟ್ನಿ, ಮಸಾಲೆಗೆ 500 ಸಾಕು. ನಿಮ್ಮ ಬೀದಿಯ ಅಂಗಡಿಯವರು ಹೇಳಿದ ಮಾಡೆಲ್ ನಂಬರ್, ಗೂಗಲ್‌ನಲ್ಲಿ ಕಂಡ ಮಾಡೆಲ್ ನಂಬರ್ ಎರಡನ್ನೂ ಇಲ್ಲಿ ಬರೆದು ಹಾಕಿ. ಆ 600 ರೂಪಾಯಿ ಯಾವುದಕ್ಕೆ ಅಂತ ನೋಡಿ ಹೇಳುತ್ತೇನೆ.