ಗಂಡು-ಹೆಣ್ಣಿನ ಬಗೆಗಿನ ಸಿದ್ಧ ನಂಬಿಕೆಗಳು ನಮ್ಮ ನೆನಪನ್ನು ತಿದ್ದುತ್ತವೆಯೇ? ವಯಸ್ಸಿಗೆ ತಕ್ಕಂತೆ ಇದು ಬದಲಾಗುತ್ತದೆಯೇ?

ತಿದ್ದುತ್ತವೆ, ಅದೂ ನಮಗೆ ಗೊತ್ತೇ ಆಗದ ಹಾಗೆ.

1983ರಲ್ಲಿ ಕ್ಯಾರಲ್ ಮಾರ್ಟಿನ್ ಮತ್ತು ಚಾರ್ಲ್ಸ್ ಹಾಲ್ವರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಐದಾರು ವರ್ಷದ ಮಕ್ಕಳಿಗೆ ಕೆಲವು ಚಿತ್ರ ತೋರಿಸಿದರು. ಒಂದರಲ್ಲಿ ಹುಡುಗಿ ಗರಗಸ ಹಿಡಿದು ಮರ ಕೊಯ್ಯುತ್ತಿದ್ದಾಳೆ. ವಾರ ಕಳೆದು ಕೇಳಿದಾಗ, ಇಂಥ ‘ಉಲ್ಟಾ’ ಚಿತ್ರಗಳಲ್ಲಿದ್ದ ಹುಡುಗಿಯನ್ನು ಹುಡುಗನೆಂದೂ ಹುಡುಗನನ್ನು ಹುಡುಗಿಯೆಂದೂ ಮಕ್ಕಳು ಹೇಳುವುದು ಹೆಚ್ಚಾಗಿತ್ತು. ಮರೆತದ್ದಲ್ಲ ಗಮನಿಸಿ, ಕೆಲಸ ನೆನಪಿದೆ, ಮಾಡಿದವರು ಮಾತ್ರ ಬದಲಾಗಿದ್ದಾರೆ. ಆ ವಯಸ್ಸಿನಲ್ಲಿ ‘ಇದು ಹುಡುಗರದ್ದು, ಇದು ಹುಡುಗಿಯರದ್ದು’ ಎಂಬ ಗೆರೆ ಬಹಳ ಬಿಗಿ.

ಏಳೆಂಟು ವರ್ಷ ದಾಟಿದ ಮೇಲೆ ‘ಇಬ್ಬರೂ ಮಾಡಬಹುದು’ ಎಂಬ ಸಡಿಲಿಕೆ ಬರುತ್ತದೆ, ಇಂಥ ಅದಲುಬದಲೂ ಸಾಮಾನ್ಯವಾಗಿ ತಗ್ಗುತ್ತದೆ.

ಇಳಿವಯಸ್ಸಿನಲ್ಲಿ ಕಾರಣವೇ ಬೇರೆ. ಯಾರು ಹೇಳಿದರು, ಯಾರು ಮಾಡಿದರು ಎಂಬ ವಿವರ ಮೊದಲು ಮಸುಕಾಗುತ್ತದೆ. ಆ ಖಾಲಿ ಜಾಗವನ್ನು ಹಳೇ ಅಂದಾಜು ತುಂಬುತ್ತದೆ. ನಮ್ಮಜ್ಜಿ ಹಲ್ಲು ಕೀಳಿಸಿಕೊಂಡು ತಿಂಗಳಾದ ಮೇಲೆ, “ಪುಣ್ಯಾತ್ಮ, ಒಂಚೂರೂ ನೋವು ಮಾಡ್ಲಿಲ್ಲ ಕಣೇ” ಅಂದರು. ಕಿತ್ತದ್ದು ಡಾಕ್ಟರಮ್ಮ. ನಾನು ಪಕ್ಕದಲ್ಲೇ ನಿಂತಿದ್ದೆ.