‘ಹೈಡ್ರಾಲಿಕ್ಸ್’ ಬೋರ್ಡಿಗೆ ಆರ್ಬಿಟ್ರಾನ್ ಜೋಡಿ ಯಾವುದು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಹೈಡ್ರಾಲಿಕ್ಸ್ ಘಟಕ. ಬೋರ್ಡಿನ ಇಂಗ್ಲಿಷ್ ಹೆಸರು ಆರ್ಬಿಟ್ರಾನ್ ಫಾಂಟಿನಲ್ಲಿ ಚೆಂದ ಬಂದಿದೆ. ಕನ್ನಡಕ್ಕೆ ಅದನ್ನೇ ಹಾಕಿದರೆ ಬರೀ ಚೌಕಗಳು. ಡಿಟಿಪಿಯವರು ಬೇರೊಂದು ಫಾಂಟನ್ನು ಅಡ್ಡಕ್ಕೆ ಎಳೆದು ಕೊಟ್ಟರು, ಅಕ್ಷರ ಊದಿಕೊಂಡಂತಿದೆ. 50 ಅಡಿ ದೂರದ ರಸ್ತೆಯಿಂದ ಓದಲು ಬರಬೇಕು. ಏನು ಮಾಡೋಣ?

ಉತ್ತರ: ಆರ್ಬಿಟ್ರಾನ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಅದಕ್ಕೇ ಚೌಕ. ಎಳೆದದ್ದರ ಪೆಟ್ಟು ಬೇರೆ. ಅಡ್ಡಕ್ಕೆ ಶೇ 130ಕ್ಕೆ ಹಿಗ್ಗಿಸಿದರೆ ನಿಂತ ಗೆರೆ ಅಷ್ಟು ಪಾಲು ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಉಳಿಯುತ್ತದೆ. 1962ರ ಫಾಂಟ್ ಯುರೋಸ್ಟೈಲ್‌ನಿಂದ ಈಚೆಗೆ ಈ ಬಗೆಯ ಅಕ್ಷರಗಳ ಚೆಲುವೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪದ ಗೆರೆಯಲ್ಲಿ, ಮೂಲೆ ದುಂಡಾದ ಚೌಕದಲ್ಲಿ ಇದೆ. ಎಳೆದರೆ ಮೊದಲು ಕೆಡುವುದು ಅದೇ.

‘ಅನೇಕ್ ಕನ್ನಡ’ ಎಂಬ ಫಾಂಟ್ ತೆಗೆದುಕೊಳ್ಳಿ. ಉಚಿತ, ಮತ್ತು ಶೇ 75ರಿಂದ 125ರವರೆಗಿನ ಅಗಲವನ್ನು ಅಕ್ಷರ ವಿನ್ಯಾಸಕರೇ ರೂಪಿಸಿದ್ದಾರೆ. ನಿಮಗೆ ಅಗಲ 125, ತೂಕ (ಗೆರೆಯ ದಪ್ಪ) 600 ಸಾಕು.

ಇದು ಚೌಕವಾಗಿಲ್ಲ ಅನಿಸಿ ಅಕ್ಷರ ಬರೆಸುವುದಾದರೆ, ಹೊರಬಳುಕನ್ನು ಚೌಕಕ್ಕೆ ತರಬಹುದು, ತಲೆಕಟ್ಟನ್ನು ಮಾತ್ರ ಮುಟ್ಟಬೇಡಿ. ‘ನಯ’ವಾಗಲೆಂದು ಅದನ್ನು ತೆಗೆಯುವವರಿದ್ದಾರೆ. ಕ, ಕಿ, ಕೆ ಬೇರೆಯಾಗುವುದೇ ತಲೆಯಲ್ಲಿ. ಹಾಗೆಯೇ ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸೀಳು. ಕೊರೆಯುವ ಯಂತ್ರದ 3 ಮಿ.ಮೀ. ಬಿಟ್‌ನಿಂದ ಅಕ್ರಿಲಿಕ್ ಕತ್ತರಿಸುವಾಗ ಅದಕ್ಕಿಂತ ಕಿರಿದಾದ ಸೀಳಿಗೆ ಬಿಟ್ ಇಳಿಯುವುದಿಲ್ಲ, ಧ ಹೋಗಿ ದ ಆಗುತ್ತದೆ.

ಎತ್ತರಕ್ಕೆ ಹತ್ತಡಿಗೆ ಒಂದಿಂಚು ಲೆಕ್ಕ. 50 ಅಡಿಗೆ 5 ಇಂಚು, ಅದೂ ತಲೆಕಟ್ಟಿನಿಂದ ಅಕ್ಷರದ ಬುಡದವರೆಗೆ. ‘ಹೈಡ್ರಾಲಿಕ್ಸ್’ ಪದದಲ್ಲಿ ಐತ್ವದ ಕೊಂಡಿ, ರ ಒತ್ತು, ಸ ಒತ್ತು ಮೂರೂ ಕೆಳಗಿಳಿಯುತ್ತವೆ. ಅವಕ್ಕೆ ಇನ್ನು 3 ಇಂಚು ಬಿಡಿ, ಇಂಗ್ಲಿಷ್ ಸಾಲು ಅದರ ಕೆಳಗೆ ಬರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಕನ್ನಡ ಶೇ 60ರಷ್ಟು ಇರಬೇಕು, ಬೋರ್ಡಿನ ಮೇಲರ್ಧದಲ್ಲೇ ಇರಬೇಕು ಎಂಬುದೂ ನೆನಪಿರಲಿ. ಇಂಗ್ಲಿಷಿಗೆ ಕೊಟ್ಟಂತೆ ಕನ್ನಡಕ್ಕೂ ಅಕ್ಷರಗಳ ನಡುವೆ ಅಂತರ ಕೊಡಬೇಡಿ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ಸರಿಯುತ್ತದೆ.

ಹಳೆಯ ಕೋರೆಲ್‌ನಲ್ಲಿ ಯುನಿಕೋಡ್ ಒತ್ತಕ್ಷರ ಒಡೆದರೆ ಇಂಕ್‌ಸ್ಕೇಪ್‌ನಲ್ಲಿ ಟೈಪಿಸಿ, ಅಕ್ಷರವನ್ನು ಗೆರೆರೂಪಕ್ಕೆ, ಅಂದರೆ ಪಾತ್‌ಗೆ ಬದಲಿಸಿ, ಎಸ್‌ವಿಜಿ ಕಳಿಸಿ. ಕತ್ತರಿಸುವ ಮುನ್ನ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ವೆಲ್ಡ್ ಮಾಡಲೇಬೇಕು (ಒಂದೇ ಹೊರಗೆರೆಯಾಗಿ ಬೆಸೆಯಬೇಕು), ಇಲ್ಲದಿದ್ದರೆ ಯಂತ್ರ ಅಕ್ಷರದ ಒಳಗೇ ಹಾದು ಕೊಯ್ಯುತ್ತದೆ.

ಒತ್ತುಗಳು ಬಿಡಿ ತುಂಡುಗಳಾಗಿ ಬರುತ್ತವೆ. ಪೂರ್ಣ ಅಳತೆಯ ಕಾಗದದ ಪ್ರತಿ ಇಟ್ಟು ಅದರ ಮೇಲೆಯೇ ಜೋಡಿಸಿ ಅಂಟಿಸಿ. ಅಕ್ರಿಲಿಕ್ ಕತ್ತರಿಸುವ ಮೊದಲು ಅದೇ ಕಾಗದವನ್ನು ಗೋಡೆಗೆ ಹಚ್ಚಿ 50 ಅಡಿ ಹಿಂದೆ ನಿಂತು ನೋಡಿ. ‘ಕ್ಸ್’ ಕಲೆಸಿದಂತೆ ಕಂಡರೆ ತೂಕವನ್ನು 500ಕ್ಕೆ ಇಳಿಸಿ, ಒಳಗಿನ ಬಯಲು ಬಿಡುತ್ತದೆ.