ವಿಂಡೋಸ್ ತರಹ ಕಂಡರೆ ಸಾಕಾ? ಹೊಸಬರಿಗೆ ಲಿನಕ್ಸ್ ಸುಲಭ ಮಾಡುವ ಬಗ್ಗೆ

ನಿಮ್ಮ ಊರಿನ ಗ್ರಂಥಾಲಯದಲ್ಲಿ 4 ಹಳೆ ಕಂಪ್ಯೂಟರ್ ಇವೆ. ಅವುಗಳಲ್ಲಿ ವಿಂಡೋಸ್ 11 ಓಡುವುದಿಲ್ಲ, ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಬೇಕು ಅಂತಿದ್ದೀರಿ. ಬರುವವರಿಗೆ ಕಷ್ಟ ಆಗದಿರಲು ಅದನ್ನು ವಿಂಡೋಸ್ ತರಹ ಕಾಣುವಂತೆ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ವಿರಾಜಪೇಟೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆ ಕಂಪ್ಯೂಟರ್ ಹೊತ್ತು ತರುವವರು ಜಾಸ್ತಿ ಆಗಿದ್ದಾರೆ. 4 ಜಿಬಿ ರ್‍ಯಾಮ್ ಇದ್ದರೆ ನಾನು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿಕೊಡುತ್ತೇನೆ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ನೋಟಕ್ಕೆ ಏನೂ ಹೊಸತಿಲ್ಲ. ಹೊಸಬರು ಮುಗ್ಗರಿಸುವುದು ಬೇರೆ ಕಡೆ.

ಇದು ನನಗೆ ಗೊತ್ತಾಗಿದ್ದು ಗೋಣಿಕೊಪ್ಪ ಕಡೆಯ ಒಂದು ಕಾಫಿ ತೋಟದ ರೈಟರ್ ಅವರಿಂದ. ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ವಾರದ ಬಟವಾಡೆ, ದಿನದ ಮಳೆ ಎಷ್ಟು ಇಂಚು ಎಷ್ಟು ಸೆಂಟ್ ಅನ್ನುವುದು, ಎಲ್ಲ ಅವರದೇ ಲೆಕ್ಕ. ಮಿಂಟ್ ಹಾಕಿ, ಕನ್ನಡ ಕೀಬೋರ್ಡ್ ಸೇರಿಸಿ ಕಳಿಸಿದೆ. ಸಂಜೆಗೆ ಫೋನ್ ಬಂತು. "ಕನ್ನಡ ಕೆಟ್ಟೋಗಿದೆ ಅಣ್ಣ, ಒತ್ತು ಕೊಟ್ರೆ ಗುಡಿಸು ಬರ್ತದೆ."

ಕನ್ನಡ ಕೆಟ್ಟಿರಲಿಲ್ಲ. ನಾನು ಸೇರಿಸಿದ್ದು ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ವಿನ್ಯಾಸ, ಅವರ ಕೈ ಪಳಗಿದ್ದು ನುಡಿ ತಂತ್ರಾಂಶದಲ್ಲಿ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಕೀ. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಕೀಗೆ ಗುಡಿಸು, ಒತ್ತಿಗೆ ಡಿ. ಉಳಿದ ಅಕ್ಷರಗಳ ಜಾಗವೂ ಬೇರೆ. ವರ್ಷಗಟ್ಟಲೆ ಕಲಿತ ಬೆರಳಿಗೆ ಇದೊಂದು ಪರಭಾಷೆ ಇದ್ದ ಹಾಗೆ. ಮರುದಿನ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಲು ಬಳಸುವ ತಂತ್ರಾಂಶ) ಜೊತೆಗೆ ಎಂ17ಎನ್ ಅನ್ನುವ ಕೀಲಿ ವಿನ್ಯಾಸಗಳ ಸಂಗ್ರಹ ಹಾಕಿ, ಅದರಲ್ಲಿ ನುಡಿಯಲ್ಲಿರುವ ಕಗಪ ವಿನ್ಯಾಸ ಆರಿಸಿದೆ. ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಅವರು ಮೆನು ಎಲ್ಲಿದೆ, ಬಣ್ಣ ಏನು ಅಂತ ಒಂದು ಸಲವೂ ಕೇಳಿಲ್ಲ.

ಹಾಗಾಗಿ ನಿಮ್ಮಲ್ಲಿಗೆ ಬರುವವರು ಯಾವ ವಿನ್ಯಾಸದಲ್ಲಿ ಟೈಪ್ ಮಾಡುತ್ತಾರೆ ಅಂತ ಮೊದಲು ಕೇಳಿ. ಅವರ ಹಳೆ ಕಡತಗಳನ್ನೂ ಒಮ್ಮೆ ತೆರೆದು ನೋಡಿ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆ ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಅದನ್ನು ನೋಡಿದವರು ತಮ್ಮ ಬರಹವೇ ಹಾಳಾಯಿತು ಅಂತ ಹೆದರುತ್ತಾರೆ. ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ ಕೊಡಿ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಹೊಸಬರು ಕೂತಾಗ ನೀವು ಪಕ್ಕದಲ್ಲಿ ಕೂರಿ, ಆದರೆ ಮೌಸ್ ಮುಟ್ಟಬೇಡಿ. ಇದು ಸುಲಭ ಅಲ್ಲ, ಕೈ ತಾನಾಗಿ ಮುಂದೆ ಹೋಗುತ್ತದೆ. ಸುಮ್ನೆ ನೋಡಿ. ಎಲ್ಲಿ ಕೈ ನಿಂತಿತು, ಯಾವ ಪದ ಎರಡು ಸಲ ಓದಿದರು, ಎಲ್ಲಿ ನಿಮ್ಮ ಮುಖ ನೋಡಿದರು, ಅಷ್ಟನ್ನು ಬರೆದುಕೊಳ್ಳಿ. ನೀವು ಸರಿ ಮಾಡಬೇಕಾದ ಕೆಲಸ ಅಲ್ಲೇ ಇರುತ್ತದೆ. ಹೀಗೆ ನೋಡುವಾಗಲೇ ಒಬ್ಬ ಹುಡುಗಿ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪಾಸ್‌ವರ್ಡ್ ಹೊಡೆಯುತ್ತಾ, ಕೀಬೋರ್ಡ್ ಸತ್ತಿದೆ ಅಂತ ಎದ್ದುಬಿಟ್ಟಳು. ಆ ಯಂತ್ರದಲ್ಲಿ ಬೇರೆ ಲಿನಕ್ಸ್ ಇತ್ತು. ಪಾಸ್‌ವರ್ಡ್ ಎಷ್ಟು ಉದ್ದ ಅಂತ ಪಕ್ಕದವರಿಗೆ ತಿಳಿಯಬಾರದು ಅಂತ ಪರದೆಯಲ್ಲಿ ಏನೂ ತೋರಿಸದಿರುವುದು ಲಿನಕ್ಸ್‌ಗೆ ಮಾದರಿಯಾದ ಹಳೆ ಯುನಿಕ್ಸ್ ಕಾಲದಿಂದ ಬಂದ ರೂಢಿ. ಮಿಂಟ್‌ನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ನಕ್ಷತ್ರ ಕಾಣುತ್ತದೆ. ಅಷ್ಟು ಚಿಕ್ಕ ಬದಲಾವಣೆ, ಆದರೆ ಹೊಸಬರ ಪಕ್ಕ ಕೂತು ನೋಡಿದವರಿಗೆ ಮಾತ್ರ ಅದರ ಬೆಲೆ ಗೊತ್ತು. ಚಂದದ ಥೀಮ್‌ಗಿಂತ ನನಗೆ ಈ ನಕ್ಷತ್ರಗಳೇ ಇಷ್ಟ.

ಕರೆಂಟ್ ವಿಷಯ ಮರೆಯಬೇಡಿ. ನಮ್ಮಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ, ಮುಂದಿನ ಸಲ ಏನು ಹಾಕಲು ಹೋದರೂ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತದೆ: ಡಿಪಿಕೆಜಿ (ತಂತ್ರಾಂಶ ಹಾಕುವ, ತೆಗೆಯುವ ಒಳಗಿನ ಸಾಧನ) ನಡುವೆ ನಿಂತುಹೋಗಿದೆ, ನೀವೇ ಇಂಥ ಕಮಾಂಡ್ ಕೊಟ್ಟು ಸರಿ ಮಾಡಬೇಕು. ಪರಿಹಾರ ಅದರಲ್ಲೇ ಇದೆ, ನಿಜ. ಆದರೆ ಯಾವ ಕಮಾಂಡ್ ಬೇಕು ಅಂತ ಯಂತ್ರಕ್ಕೇ ಗೊತ್ತಿದ್ದ ಮೇಲೆ "ಸರಿ ಮಾಡಲಾ?" ಅಂತ ಒಂದು ಬಟನ್ ಕೊಡಬಹುದಲ್ವಾ? ಲಿನಕ್ಸ್ ಕಟ್ಟುವವರು ಗಮನ ಕೊಡಬೇಕಾದ ಜಾಗ ಇದು. ಅಲ್ಲಿಯವರೆಗೆ ನೀವು ಯುಪಿಎಸ್ ಇಡಿ. ಅಪ್‌ಡೇಟ್ ಕೆಲಸ ಒಬ್ಬರೇ ನೋಡಿಕೊಳ್ಳಲಿ, ಮಳೆ ಬಿಟ್ಟ ದಿನ ಮಾಡಲಿ. ಟೈಮ್‌ಶಿಫ್ಟ್ ಆನ್ ಮಾಡಿಡಿ, ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಅದು ಸಾಮಾನ್ಯವಾಗಿ ಜನರ ಸ್ವಂತ ಕಡತಗಳನ್ನು ಉಳಿಸುವುದಿಲ್ಲ, ಅವಕ್ಕೆ ಬೇರೆ ಪ್ರತಿ ಬೇಕು.

ಮಿಂಟ್ ಜೊತೆ ಬರುವ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಯಾವಾಗಲೂ ವರ್ಡ್, ಎಕ್ಸೆಲ್ ನಮೂನೆಯಲ್ಲೇ ಉಳಿಸುವಂತೆ ಹೊಂದಿಸಿ, ಬೇರೆಯವರಿಗೆ ಕಳಿಸಿದಾಗ ಗಲಾಟೆ ಇಲ್ಲ. ಪ್ರಿಂಟರ್ ಇದ್ದರೆ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಓಡಿಸಿ, ಪ್ರಿಂಟ್ ಬರುತ್ತದಾ ಪರೀಕ್ಷಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಮೆನುಗಳನ್ನು ಕನ್ನಡಕ್ಕೆ ಬದಲಿಸಬೇಕಾ ಅನ್ನುವುದರಲ್ಲಿ ನನಗೆ ಎರಡು ಮನಸ್ಸು. ಕನ್ನಡ ಇರಲೇಬೇಕು ಅನ್ನುವವನು ನಾನು. ಆದರೆ ಅನುವಾದ ಪೂರ್ತಿ ಆಗಿಲ್ಲ, ಒಂದೇ ಮೆನುವಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬಂದಾಗ ಜನ ಗಲಿಬಿಲಿಯಾಗುತ್ತಾರೆ. 4ರಲ್ಲಿ ಒಂದು ಯಂತ್ರಕ್ಕೆ ಕನ್ನಡ ಹಾಕಿ, ಯಾವುದನ್ನು ಜನ ಆರಿಸುತ್ತಾರೆ ನೋಡಿ. ಅರ್ಥವಾಗದ ಪದ ಸಿಕ್ಕರೆ ಗುರುತು ಹಾಕಿಡಿ. ಅನುವಾದ ಮಾಡುವುದು ಸ್ವಯಂಸೇವಕರೇ, ಯಾರು ಬೇಕಾದರೂ ಸೇರಬಹುದು.

ಕಗಪ ಹಾಕುವಾಗ ಸಿಕ್ಕಿಕೊಂಡರೆ ಯಾವ ಆವೃತ್ತಿಯ ಮಿಂಟ್ ಅಂತ ಇಲ್ಲೇ ಬರೆಯಿರಿ, ಒಂದೊಂದೇ ಹೆಜ್ಜೆ ಹೇಳುತ್ತೇನೆ.